ಸಿಯೋಲ್‌ನಲ್ಲಿ ನಿಂತ ಕಥೆ

ದೇರೆಬೈಲ್, ಮಂಗಳವಾರ

ವಾಲಿಬಾಲ್ ಕೂಟದ ಕಾರ್ಯದರ್ಶಿ ಅಶ್ರಫ್ ಅವರಿಗೆ ಸೇಸಪ್ಪನ ನಮಸ್ಕಾರ.

ಇಪ್ಪತ್ತೆರಡು ವರ್ಷಗಳಿಂದ ನಿಮ್ಮ ಕೂಟದಲ್ಲಿ ವೀಕ್ಷಕ ವಿವರಣೆ ಹೇಳುತ್ತಿದ್ದೇನೆ. ಸೆಟ್ಟುಗಳ ನಡುವೆ ಭಾರತ ತಂಡದ ಕಥೆ ಹೇಳುವುದು ನನ್ನ ಪದ್ಧತಿ. ಮೊನ್ನೆ ಭಾನುವಾರ ಸೆಮಿಫೈನಲ್‌ನಲ್ಲಿ ಏಷ್ಯನ್ ಗೇಮ್ಸಿನ ಕಥೆ ಎತ್ತಿಕೊಂಡೆ. ೧೯೫೮ರ ಟೋಕಿಯೋ ಕಂಚು ಹೇಳಿದೆ, ೧೯೬೨ರ ಜಕಾರ್ತಾ ಬೆಳ್ಳಿ ಹೇಳಿದೆ. ೧೯೮೬ರ ಸಿಯೋಲ್‌ಗೆ ಬಂದು, ಕಂಚಿಗಾಗಿ ನಮ್ಮವರನ್ನು ಜಪಾನಿನ ಎದುರು ನಿಲ್ಲಿಸಿದ್ದೆನಷ್ಟೆ. ಅಷ್ಟರಲ್ಲಿ ನೀವು ಮೈಕು ಕಿತ್ತುಕೊಂಡಿರಿ.

“ಸಾಕು ಮಾರಾಯ್ರೆ, ನಲ್ವತ್ತು ವರ್ಷದ ಹಳೆ ಕಥೆ. ಪ್ರಾಯೋಜಕರ ಹೆಸರು ಹೇಳ್ಲಿಕ್ಕುಂಟು” ಅಂದಿರಿ.

ಹಳೆಯದಾದ್ದರಿಂದಲೇ ಹೇಳಬೇಕು, ಅಶ್ರಫ್. ನಮ್ಮ ಆಟಗಾರರಿಗೆ ಕ್ರಿಕೆಟ್ಟಿನ ಹನ್ನೊಂದು ಹೆಸರೂ ಬಾಯಿಪಾಠ. ತಾವು ಆಡುವ ಆಟದಲ್ಲಿ ದೇಶಕ್ಕೆ ಪದಕ ಬಂದದ್ದು ಗೊತ್ತಿಲ್ಲ. ಗೊತ್ತು ಮಾಡಿಸಲು ಹೊರಟವನ ಬಾಯಿಯನ್ನು ಊರಿನ ಎದುರು ಮುಚ್ಚಿಸಿದಿರಿ. ಅರ್ಧಕ್ಕೆ ನಿಂತ ಕಥೆ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳು. ಎರಡು ದಿನದಿಂದ ನನಗೆ ಊಟ ಇಳಿದಿಲ್ಲ.

ನಾವು ಗೆದ್ದದ್ದು ನಿಮಗೂ ಗೊತ್ತು, ನನಗೂ ಗೊತ್ತು. ಕೇಳಲು ಕುಳಿತವರಿಗೆ ಗೊತ್ತಿಲ್ಲ. ನಿನ್ನೆಯಿಂದ ನನ್ನ ಮೀನಿನ ಅಂಗಡಿಗೆ ಬಂದವರೆಲ್ಲ ಕೇಳುವುದು ಒಂದೇ: “ಸೇಸಪ್ಪಣ್ಣ, ಜಪಾನಿನ ಎದುರು ಮತ್ತೆ ಎಂತ ಆಯ್ತು?” ಬಂಗುಡೆ ತೂಗಿ ಕೊಟ್ಟೆ, ಉತ್ತರ ಕೊಡಲಿಲ್ಲ. ಭಾನುವಾರ ಫೈನಲ್‌ಗೆ ಬನ್ನಿ, ಮೈಕಿನಲ್ಲೇ ಹೇಳುತ್ತೇನೆ ಅಂದಿದ್ದೇನೆ.

ಆದ್ದರಿಂದ ಮೊದಲ ಸೆಟ್ಟು ಮುಗಿದ ಕೂಡಲೇ ಮೈಕು ನನ್ನ ಕೈಗೆ ಬರಬೇಕು. ಪ್ರಾಯೋಜಕರ ಹೆಸರನ್ನೂ ನಾನೇ ಓದುತ್ತೇನೆ, ಜಪಾನ್ ಸೋತ ಮೇಲೆ. ಈ ಸಲ ಕುರ್ಚಿ ಸ್ವಲ್ಪ ಹೆಚ್ಚು ಹಾಕಿಸಿ.

ಇತಿ,
ಸೇಸಪ್ಪ