ಟಿವಿಯಲ್ಲಿ ಕದಲದ ಚಕ್ರ

ನವೆಂಬರ್ 12, ಬುಧವಾರ

ಇವರು ಏನೋ ಮುಚ್ಚಿಡ್ತಾ ಇದಾರೆ. ಇವರು ಕೆಲಸ ಮಾಡೋ ವಸಂತನರಸಾಪುರದ ಫ್ಯಾಕ್ಟರಿಯವರು ಮನೆಯಿಂದಲೇ ಕೆಲಸ ಮಾಡಿ ಅಂದಿದಾರಂತೆ. ಮಷೀನ್ ಡ್ರಾಯಿಂಗ್‌ಗೆ ದೊಡ್ಡ ಸ್ಕ್ರೀನ್ ಬೇಕು ಅಂತ ಹಾಲ್‌ನ ಟಿವಿಗೇ ಲ್ಯಾಪ್‌ಟಾಪ್ ಸಿಕ್ಕಿಸಿಕೊಂಡು ಕೂತಿದಾರೆ. ಅತ್ತೆಯ ಸೀರಿಯಲ್ ಬಂದ್. ಆದ್ರೂ ಅವರಿಗೆ ಹೆಮ್ಮೆ. "ನನ್ ಮಗ ಎಷ್ಟು ಕಷ್ಟಪಡ್ತವ್ನೆ ನೋಡೇ" ಅಂತಾರೆ.

ನೋಡ್ತಾನೇ ಇದೀನಿ. ಸೋಮವಾರದಿಂದ ಟಿವಿಯಲ್ಲಿ ಅದೇ ಹಲ್ಲುಚಕ್ರದ ಡ್ರಾಯಿಂಗ್, ಒಂದು ಗೆರೆಯೂ ಬದಲಾಗಿಲ್ಲ. ಮೌಸಿನ ಬಾಣ ಟಿವಿಯ ಅಂಚು ದಾಟಿ ಲ್ಯಾಪ್‌ಟಾಪಿಗೆ ಹೋದ್ರೆ ವಾಪಸ್ ಬರಲ್ಲ, ಏನೇ ಮಾಡಿದ್ರೂ ಅಲ್ಲೇ. ಆ ಲ್ಯಾಪ್‌ಟಾಪ್ ನಮಗೆ ಕಾಣದ ಹಾಗೆ ಇವರು ಗೋಡೆಗೆ ಒರಗಿ ಕೂರ್ತಾರೆ.

ಇವತ್ತು ಕಸ ಗುಡಿಸುವಾಗ ಟಿವಿ ಹಿಂದಿನ ಕೇಬಲ್ ಬೇಕಂತಲೇ ಎಳೆದೆ. ಚಕ್ರ ಹೋಗಿ 'ನೋ ಸಿಗ್ನಲ್' ಬಂತು. ಈಗ ಕೂಗ್ತಾರೆ ಅಂತ ಕಾದೆ. ಕೂಗಲಿಲ್ಲ. ಸಾರು ಕುದಿಸಿದೆ, ಮುದ್ದೆ ತಿರುವಿದೆ, ಇವರು ಟೈಪ್ ಮಾಡ್ತಾನೇ ಇದ್ರು. ಊಟಕ್ಕೆ ಕರೆದಾಗ ತಲೆ ಎತ್ತಿ ಟಿವಿ ನೋಡಿ, "ಅಯ್ಯೋ, ಈಗ ತಾನೇ ಹೋಯ್ತು ಕಣೇ" ಅಂದ್ರು.

ಸುಳ್ಳು. ಚಕ್ರ ಇರೋದು ನಮಗೆ ತೋರಿಸೋಕೆ. ಕೆಲಸ ಹೋಗಿದೆ, ಬೇರೆ ಕಡೆ ಅರ್ಜಿ ಹಾಕ್ತಾ ಇದಾರೆ. ಬೇರೇನಾದ್ರೂ ಆಗಿದ್ರೆ ಮುಖ ಇಷ್ಟು ಬಾಡ್ತಿರಲಿಲ್ಲ.

ಕೇಳೇಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ, "ಟಿವಿ ಖಾಲಿ ಐತಲ್ಲ, ಸೀರಿಯಲ್ ಹಾಕ್ಲೇನೋ?" ಅಂದ್ರು.

"ಬೇಡ ಅತ್ತೆ, ಅವರಿಗೆ ಕೆಲಸ ಇದೆ" ಅಂದು ನಾನೇ ಕೇಬಲ್ ಸಿಕ್ಕಿಸಿದೆ. ಹುಡುಕಲಿಲ್ಲ, ತಡಕಾಡಲಿಲ್ಲ, ಕೈ ಸೀದಾ ಅಲ್ಲಿಗೇ ಹೋಯ್ತು. ಇವರು ನನ್ನ ಕೈಯನ್ನೇ ನೋಡ್ತಾ ಇದ್ರು.

ಈಗ ಇವರಿಗೂ ಅನುಮಾನ. ಪಕ್ಕದಲ್ಲಿ ನಿದ್ದೆ ಬಂದವರ ಹಾಗೆ ಮಲಗಿದಾರೆ. ಗೊರಕೆ ಮಾತ್ರ ಇಲ್ಲ.