ಕಾಜಾ ತಪ್ಪಿದ ಅಂಗಿ

ಪ್ರೀತಿಯ ಅಣ್ಣನಿಗೆ,

ನಿನಗಿಂತ ಮೊದಲು ಈ ಪತ್ರವನ್ನು ಒಡೆದು ಓದುವ ಜೈಲಿನ ಸಾಹೇಬರಿಗೂ ನಮಸ್ಕಾರ. ಇದರಲ್ಲಿ ಮುಷ್ಕರದ ಮಾತಿಲ್ಲ, ಅವರಿಗೆ ಗಾಬರಿ ಬೇಡ.

ಮೊದಲ ಎರಡು ಮಂಗಳವಾರ ನಾವು ವಿಡಿಯೋ ಭೇಟಿಗೆ ಬಾರದಿದ್ದಾಗ ಕರೆಂಟು ಹೋಗಿತ್ತೆಂದು ಬರೆದಿದ್ದೆನಲ್ಲ, ಅದು ಸುಳ್ಳು. ಕರೆಂಟು ಇತ್ತು. ಅಮ್ಮ ತಲೆ ಬಾಚಿಕೊಂಡು ಹನ್ನೊಂದಕ್ಕೆ ಮೊದಲೇ ಕಂಪ್ಯೂಟರಿನ ಎದುರು ಕೂತಿದ್ದಳು. ಪರದೆ ಕುರುಡಾಗಿದ್ದದ್ದು ನನ್ನಿಂದ.

ನೀನು ಬಿಟ್ಟುಹೋದ ಟ್ರಂಕಿನಲ್ಲಿ ಕರಪತ್ರಗಳಿದ್ದವಲ್ಲ, ಎಲ್ಲವನ್ನೂ ಓದಿದೆ. ಒಂದರಲ್ಲಿ ಹೀಗಿತ್ತು: ಬಿಚ್ಚಿ ನೋಡಲು ಬಿಡದ ಯಂತ್ರಕ್ಕೆ ನೀನು ಒಡೆಯನಲ್ಲ, ಕೂಲಿ. ಅದನ್ನು ಓದಿದ ದಿನವೇ ನಿನ್ನ ಕಂಪ್ಯೂಟರನ್ನು ನಡೆಸುತ್ತಿದ್ದ ಕಂಪನಿಯ ವ್ಯವಸ್ಥೆಯನ್ನು ಬುಡಸಹಿತ ಅಳಿಸಿ, ಯಾರು ಬೇಕಾದರೂ ತೆರೆದು ತಿದ್ದಬಹುದಾದ ಮುಕ್ತ ವ್ಯವಸ್ಥೆ ಹಾಕಿದೆ. ಅಮ್ಮನನ್ನು ಕೇಳಲಿಲ್ಲ. ಕೆಳಗಿನ ಮನೆಯ ಕ್ಷೌರದ ಮಾಮ ತನ್ನ ವೈಫೈ ಬಳಸಿಕೊಳ್ಳಲು ಬಿಟ್ಟಿದ್ದ. ಅದನ್ನು ಹಿಡಿಯುವ ಹೆಬ್ಬೆರಳಿನಷ್ಟು ಯುಎಸ್‌ಬಿ ಕಡ್ಡಿಯೊಂದು ನಿನ್ನ ಯಂತ್ರಕ್ಕಿತ್ತು. ಹೊಸ ವ್ಯವಸ್ಥೆ ಆ ಕಡ್ಡಿಯನ್ನು ಗುರುತೇ ಹಿಡಿಯಲಿಲ್ಲ.

ಅದೇ ವಾರ ಎರಡು ಸುದ್ದಿ ಬಂದವು. ನಿನ್ನ ಉಪವಾಸಕ್ಕೆ ಶಿಕ್ಷೆಯಾಗಿ ಮುಖಾಮುಖಿ ಭೇಟಿ ರದ್ದು, ಇನ್ನು ಮಂಗಳವಾರ ಹದಿನೈದು ನಿಮಿಷ ಪರದೆಯ ಮೇಲೆ ಮಾತ್ರ. ಎರಡನೆಯದನ್ನು ನಿನಗೆ ತಿಳಿಸಬೇಡವೆಂದು ಅಮ್ಮ ಆಣೆ ಹಾಕಿಸಿದ್ದಳು. ಕಣ್ಣಿನ ಡಾಕ್ಟರು ಅವಳಿಗೆ, "ಇನ್ನು ಕೆಲವು ವಾರ ಅಷ್ಟೇ ಕಣಮ್ಮ. ನೋಡಬೇಕಾದೋರನ್ನ ನೋಡಿಬಿಡಿ" ಎಂದಿದ್ದರು. ನಿನ್ನನ್ನು ಕರೆದೊಯ್ದ ದಿನ ಪೊಲೀಸರು ನನ್ನ ಫೋನನ್ನೂ ಒಯ್ದಿದ್ದರು. ಮಾಮನ ಫೋನಿನಲ್ಲಿ ನಿನ್ನ ಮುಖ ಉಗುರಿನಷ್ಟಾಗುತ್ತಿತ್ತು, ಅದು ಅವಳಿಗೆ ಕಾಣುತ್ತಿರಲಿಲ್ಲ. ದೊಡ್ಡ ಪರದೆಗೆ ಗೇಣು ದೂರದಲ್ಲಿ ಕೂತರೆ ಮಾತ್ರ ಕಂಡೀತು.

ಮೂಲೆಯಂಗಡಿಯ ರಿಪೇರಿಯವನನ್ನು ಕರೆತಂದೆ. ಕಡ್ಡಿಗೂ ಯಂತ್ರಕ್ಕೂ ನಡುವೆ ದುಭಾಷಿಯಂತೆ ನಿಲ್ಲುವ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮು ಬೇಕು, ಅದು ಇಂಟರ್ನೆಟ್ಟಿನಲ್ಲಿದೆ, ಇಂಟರ್ನೆಟ್ಟು ಬರಬೇಕಾದರೆ ಅದೇ ಬೇಕು ಎಂದ. "ಮದುವೆಯಾಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ. ಹಳೇದನ್ನೇ ಹಾಕಿಬಿಡ್ತೀನಿ ತಂಗಿ, ಅರ್ಧ ಗಂಟೆ ಕೆಲಸ."

ಅರ್ಧ ಗಂಟೆ, ಅಣ್ಣ. ನಾನು ಒಪ್ಪಲಿಲ್ಲ. ನೀನು ಒಳಗೆ ಅನ್ನ ಬಿಟ್ಟು ಕೂತಿರುವಾಗ ನಾನು ಹೊರಗೆ ಇಷ್ಟಕ್ಕೇ ಸೋಲುವುದೇ ಎಂದು ಅವನಿಗೊಂದು ಭಾಷಣ ಬಿಗಿದೆ. ಅವನು ಚೀಲ ಮಡಚಿಕೊಂಡು ಹೋದ. ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಅಮ್ಮ ಇಷ್ಟೇ ಅಂದಳು: "ನಿನ್ನ ತತ್ವಕ್ಕೆ ಆಯಸ್ಸಿದೆ ಕಣೇ. ನನ್ನ ಕಣ್ಣಿಗಿಲ್ಲ."

ಇಂಟರ್ನೆಟ್ಟಿಗಾಗಿ ಗ್ರಂಥಾಲಯಕ್ಕೆ ಓಡಿದೆ. ಆ ಕಡ್ಡಿಯದು ವಿಚಿತ್ರ ಸಂಸಾರ: ಒಂದೇ ಹೆಸರು, ಒಂದೇ ಡಬ್ಬಿ, ಒಳಗಿನ ಚಿಪ್ ಮಾತ್ರ ಎರಡು ಬಗೆ. ಪೆನ್‌ಡ್ರೈವಿನಲ್ಲಿ ತಂದ ಮೊದಲ ಡ್ರೈವರ್ ಇನ್ನೊಂದು ಬಗೆಯದಾಗಿತ್ತು. ಮೊದಲ ಮಂಗಳವಾರ ಹಾಗೆ ಹೋಯಿತು. ಮತ್ತೆ ಹುಡುಕಿದಾಗ, ಎಲ್ಲೋ ದೂರದ ಒಬ್ಬ ಅಪರಿಚಿತ ನಮ್ಮ ಬಗೆಯ ಚಿಪ್‌ಗೆಂದೇ ಡ್ರೈವರ್ ಬರೆದು, ಯಾರು ಬೇಕಾದರೂ ಒಯ್ಯಿರಿ ಎಂದು ಇಟ್ಟಿದ್ದು ಸಿಕ್ಕಿತು. ಅವನು ಬರೆದಿಟ್ಟ ಸಾಲುಗಳಿಂದ ಪ್ರೋಗ್ರಾಮನ್ನು ನಮ್ಮ ಯಂತ್ರದಲ್ಲೇ ಕಟ್ಟಿಕೊಳ್ಳಬೇಕು. ಕಟ್ಟಲು ಬೇಕಾದ ಸಲಕರಣೆಗಳಲ್ಲಿ ಒಂದಿದ್ದರೆ ಇನ್ನೊಂದಿಲ್ಲ. ನಾಲ್ಕು ಸಲ ಗ್ರಂಥಾಲಯದ ಮೆಟ್ಟಿಲು ಹತ್ತಿ ಇಳಿದೆ. ಸೋಮವಾರ ಮಧ್ಯಾಹ್ನ ಕಡ್ಡಿಯ ನೀಲಿ ದೀಪ ಮಿಣುಕಿತು. ನಾನು ಕಿರುಚಿದ್ದಕ್ಕೆ ಮಾಮ ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಮೇಲೆ ಬಂದ.

ಅಷ್ಟಕ್ಕೇ ಕೈ ಕಟ್ಟಿ ಕೂತಿದ್ದರೆ ಸಾಕಿತ್ತು. ವ್ಯವಸ್ಥೆಯನ್ನು ಸದಾ ಹೊಸದಾಗಿಡಿ ಎಂದೂ ಕರಪತ್ರದಲ್ಲಿತ್ತು. ಇಂಟರ್ನೆಟ್ಟು ಬಂದ ಹುಮ್ಮಸ್ಸಿನಲ್ಲಿ ಎಲ್ಲ ಹೊಸ ಭಾಗಗಳನ್ನೂ ಇಳಿಸಿಕೊಂಡೆ. ವ್ಯವಸ್ಥೆಯ ತಿರುಳೇ ಬದಲಾಯಿತು. ಹಳೆಯ ತಿರುಳಿಗೆ ಕಟ್ಟಿದ್ದ ಡ್ರೈವರ್ ಹೊಸದಕ್ಕೆ ಕೂರಲಿಲ್ಲ. ಎರಡನೆಯ ಮಂಗಳವಾರ ಬೆಳಿಗ್ಗೆ ಯಂತ್ರ ಹಚ್ಚಿದರೆ ನೀಲಿ ದೀಪವಿಲ್ಲ. ಹಳೆಯ ತಿರುಳು ಅಲ್ಲೇ ಇರುತ್ತದಂತೆ, ಯಂತ್ರ ಏಳುವಾಗ ಒಂದು ಗುಂಡಿ ಒತ್ತಿ ಅದನ್ನು ಆರಿಸಿಕೊಂಡರೆ ಸಾಕಂತೆ. ಇದು ನನಗೆ ತಿಳಿದದ್ದು ಗುರುವಾರ.

ಶನಿವಾರ ಗಿರಾಕಿಯೊಬ್ಬಳು ಅಮ್ಮ ಹೊಲಿದ ಬಿಳಿ ಅಂಗಿಯನ್ನು ವಾಪಸ್ಸು ತಂದಳು. ಹೊಲಿಗೆಯೆಲ್ಲ ಹಸಿರು ದಾರದಲ್ಲಿತ್ತು. ಅಮ್ಮ ನಕ್ಕು, ಹೊಸ ಫ್ಯಾಶನ್ನು ಅಂದಳು. ಸೋಮವಾರ ಅವಳ ಕೈ ಮೆಷಿನ್ನಿನ ಚಕ್ರವನ್ನು ಹುಡುಕುತ್ತಿತ್ತು.

ಮೂರನೆಯ ಮಂಗಳವಾರ ಕಡ್ಡಿ ಒಂದು ಸಲವೂ ತಡವರಿಸಲಿಲ್ಲ. ಅಮ್ಮ ಬೆರಳಿನಿಂದ ಕ್ಯಾಮೆರಾ ತಡಕಿಕೊಂಡು, "ಮುಖ ಇತ್ತ ತಿರುಗಿಸಿದ್ರೆ ಅವನನ್ನೇ ನೋಡ್ದಂಗೆ ಕಾಣುತ್ತಲ್ಲ? ಅವನಿಗೆ ಗೊತ್ತಾಗ್ಬಾರದು" ಎಂದಳು. ನಾನೇ ಅವಳ ಗಲ್ಲ ಹಿಡಿದು ತಿರುಗಿಸಿದೆ.

ನೀನು ಬಂದೆ. ಅಮ್ಮ ಹೊಲಿದ ಅಂಗಿ, ಮೇಲಿನ ಗುಂಡಿ ಎರಡನೆಯ ಕಾಜಾದಲ್ಲಿ, ಕಾಲರು ಒಂದು ಕಡೆ ಕಿವಿಗೆ ಏರಿತ್ತು. ಚಿಕ್ಕಂದಿನಿಂದ ಅವಳನ್ನು ಕೆಣಕಲು ನೀನು ಮಾಡುತ್ತಿದ್ದ ಕಿತಾಪತಿ. ಅವಳು ಕಿವಿ ಹಿಂಡಿ, ಎಲ್ಲ ಗುಂಡಿ ಬಿಚ್ಚಿ ಮತ್ತೆ ಹಾಕಿ, "ದರ್ಜಿಯ ಮಗ ಕಾಜಾ ತಪ್ಪಿಸಿದ್ರೆ ಜನ ಉಗಿಯೋದು ನನಗೆ" ಅನ್ನುತ್ತಿದ್ದಳಲ್ಲ. ನೀನು ಕಾಯುತ್ತಿದ್ದೆ. ಕಾಲರನ್ನು ಮೂರು ಸಲ ಜಗ್ಗಿದೆ.

ಅಮ್ಮ ಕ್ಯಾಮೆರಾದ ಕಡೆ ನಕ್ಕಳು. "ತೆಳ್ಳಗಾಗಿದ್ದೀಯ ಕಣೋ."

ನಿನ್ನ ಕೈ ಅಲ್ಲೇ ನಿಂತಿತು. "ಹೌದಮ್ಮ, ಸ್ವಲ್ಪ" ಅಂದೆ. ಆಮೇಲೆ ಮಾತಾಡುತ್ತಲೇ, ಮೆಲ್ಲಗೆ, ಒಂದೊಂದೇ ಗುಂಡಿ ಬಿಚ್ಚಿ ನೀನೇ ಸರಿ ಮಾಡಿಕೊಂಡೆ. ನಾನು ನೋಡಿದೆ.

ನಿನಗೆ ಆಗಲೇ ತಿಳಿದುಹೋಯಿತು. ಅದಕ್ಕೇ ಆಣೆ ಮುರಿದು ಬರೆಯುತ್ತಿದ್ದೇನೆ. ತತ್ವ ಸುಳ್ಳೆಂದು ಈಗಲೂ ಹೇಳಲಾರೆ. ಆ ಅಪರಿಚಿತನಿಗೆ ಇವತ್ತೂ ಕೈ ಮುಗಿಯುತ್ತೇನೆ. ಆದರೆ ಹರಕೆ ನನ್ನದಾಗಿತ್ತು, ಕೊಟ್ಟದ್ದು ಅಮ್ಮನ ಎರಡು ಮಂಗಳವಾರ. ಅರ್ಧ ಗಂಟೆಯ ಕೆಲಸವಾಗಿತ್ತು.

ಪರದೆ ಆರಿದ ಮೇಲೆ ಅವಳು ಕೇಳಿದಳು: "ಅಂಗಿ ನೆಟ್ಟಗೆ ಹಾಕಿದ್ನಾ?" ಹಾಕಿದ್ದ ಅಂದೆ.

ಬರುವ ಮಂಗಳವಾರ ಮತ್ತೆ ಕಾಜಾ ತಪ್ಪಿಸಿಕೊಂಡು ಬಾ. ತಪ್ಪಿದೆ ಎಂದು ನೀನೇ ಬಾಯಿಬಿಟ್ಟು ಹೇಳು. ಅವಳು ಬೈಯಲಿ. ಹದಿನೈದು ನಿಮಿಷವೂ ಬೈಯಲಿ. ಅಲ್ಲಿಯವರೆಗೆ ನಾನು ಈ ಯಂತ್ರದಲ್ಲಿ ಒಂದಕ್ಷರವನ್ನೂ ಮುಟ್ಟುವುದಿಲ್ಲ.

ಅನ್ನ ಬಿಡಬೇಡ. ನಿನ್ನ ಕಣ್ಣುಗಳು ತಣ್ಣಗಿರಲಿ.

ಕ್ಷಮೆ ಕೇಳುವ ಮುಖವಿಲ್ಲದ,
ನಿನ್ನ ಹಟಮಾರಿ ತಂಗಿ