ಪೆರುಮಾಳ್ ತಾತನ ಕೋಟು

ಜೂನ್ 13, ಶುಕ್ರವಾರ

ಊರಿಗಾಂನ ಹಳೇ ಚಿನ್ನದ ಗಣಿ ಕೆಲಸಗಾರರ ಫೋಟೋಗಳಿಗೆಂದು ಮಾಡುತ್ತಿರುವ ಆ್ಯಪ್ ಇವತ್ತೂ ಕೈಕೊಟ್ಟಿತು. ಫೋನಿನ ಮೆಮೊರಿ ತುಂಬದಿರಲೆಂದು ಫೋಟೋ ತೋರಿಸುವ ಒಂದೇ ಚೌಕವನ್ನು ಪಟ್ಟಿಯ ಹೆಸರಿಂದ ಹೆಸರಿಗೆ ಮತ್ತೆ ಮತ್ತೆ ಬಳಸುತ್ತೇನೆ. ಹಾಗಾಗಿ ಫೋಟೋ ಇಲ್ಲದ ಹೆಸರಿನಡಿ ಪಟ್ಟಿಯಲ್ಲಿ ಅದಕ್ಕೂ ಮೊದಲಿನವರ ಮುಖವೇ ಉಳಿದುಬಿಡುತ್ತದೆ. ಪಕ್ಕದ ಮನೆಯ ಅಮ್ಮಾಜಮ್ಮಜ್ಜಿ ತನ್ನ ಗಂಡ ಪೆರುಮಾಳ್ ತಾತನ ಹೆಸರಿನಡಿ ಕಂಡ ಫೋಟೋವನ್ನು ಸವರುತ್ತಾ ಕೂತಿದ್ದಳು. ನನಗೆ ಸುಮ್ಮನಿರಲಾಗಲಿಲ್ಲ.

“ಅಜ್ಜಿ, ಅದು ತಾತ ಅಲ್ಲ, ಪಟ್ಟಿಯಲ್ಲಿ ತಾತನಿಗಿಂತ ಮೊದಲಿರೋ ಸೆಲ್ವರಾಜ್.”

“ಮೊಕ ಅವನ್ದೇ ಕಣ್ಲಾ, ನನ್ ಕಣ್ಣೇನ್ ಓಗೈತಾ? ಆದ್ರೆ ಕೋಟು ನಮ್ ಯಜಮಾನ್ರ್ದು. ಆಗ ಗಣಿಯೋರ ಲೈನ್ ಮನೆಗಳ್ಗೆಲ್ಲ ಅದೊಂದೇ ಕೋಟು. ಫೋಟೋಗೆ ಅಂತ ಎಲ್ರೂ ಈಸ್ಕೊಂಡೋಗೋರು. ಇವ್ರು ಮಾತ್ರ ಒಂದೂ ತೆಗಿಸ್ಕೊಳ್ಳಿಲ್ಲ.”

ಈಗ ತಪ್ಪು ಸರಿಮಾಡಿದೆ. ತಾತನ ಚೌಕ ಖಾಲಿಯಾಯಿತು. ನೋಡಲಾಗದೆ ಸೆಲ್ವರಾಜ್ ಫೋಟೋದಿಂದ ಕೋಟನ್ನಷ್ಟೇ ಕತ್ತರಿಸಿ ಅಲ್ಲಿ ಹಾಕಿದ್ದೇನೆ. ಸುಳ್ಳಲ್ಲ, ಕೋಟು ತಾತನದೇ.